ಸೂತಕದ ಟೇಪಿನ ಮೇಲೆ ಮದುವೆ

ಬೇರೆ ಊರಿನ ಕ್ಯಾಮೆರಾದವರು ಒಂದು ಸಲ ಬಳಸಿ ಮೂಲೆಗೆ ಎಸೆಯುವ ಡಿಜಿಟಲ್ ಟೇಪಿನ ಮೇಲೆ ಗ್ಲಿಸಿಂಗ್ ಐದು ಮದುವೆ ತೆಗೆಯುತ್ತಿದ್ದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಕ್ಯಾಸೆಟ್ಟನ್ನು ಅವಳು ಹಿಡಿಯುತ್ತಿದ್ದ ಬಗೆ ನೋಡಿದವರಿಗೆ ಒಳಗೆ ಕೋಳಿಮರಿ ಇದೆ ಅನ್ನಿಸಬೇಕು. ಊರವರು ಜಿಪುಣಿ ಎಂದು ಆಡಿಕೊಂಡರು. ಅದೇನೂ ಸುಳ್ಳಲ್ಲ. ಆದರೆ ಜಿಪುಣತನದಲ್ಲೂ ಎರಡು ಜಾತಿ ಉಂಟು. ಒಂದು, ಯಾರಿಗೂ ಕೊಡದೆ ಇರುವುದು. ಇನ್ನೊಂದು, ಯಾವುದನ್ನೂ ಕೆಡಿಸದೆ ಇರುವುದು. ಗ್ಲಿಸಿಂಗಳದು ಎರಡನೆಯ ಜಾತಿ.

ಪೂರ್ತಿ ಹೆಸರು ಗ್ಲಿಸೇರಿಯಾ. ಇಲೊಯ್ಲೊ ಪಟ್ಟಣದಿಂದ ದಕ್ಷಿಣಕ್ಕೆ, ಸಮುದ್ರಕ್ಕೆ ಮುಖ ಮಾಡಿ ಕೂತ ಬಾಯ್‌ಬಾಯ್‌ನಲ್ಲಿ ಒಣಮೀನು ಮಾಡುವವರ ಮಗಳು. ನಲವತ್ತು ದಾಟುವವರೆಗೂ ಮೀನನ್ನೇ ಸೀಳಿ, ಉಪ್ಪು ಹಚ್ಚಿ, ಬಿದಿರಿನ ತಟ್ಟಿಯ ಮೇಲೆ ಹರವುತ್ತಿದ್ದಳು. ಹಡಗಿನಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ಜಪಾನಿನಿಂದ ಒಂದು ಕ್ಯಾಮೆರಾ ತಂದ. ಹಡಗು ಹೊಯ್ದಾಡುವಾಗ ಅದರ ಪುಟ್ಟ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಅವನಿಗೆ ವಾಂತಿ ಬರುತ್ತಿತ್ತಂತೆ. "ತಗೋ ಅಕ್ಕಾ, ನಿನ್ನ ನೆಲ ಅಲುಗಾಡಲ್ಲ" ಎಂದು ಅವಳ ಮಡಿಲಿಗೆ ಹಾಕಿ ಹೋದ. ಮದುವೆಯಾಗದೆ ಉಳಿದ ಗ್ಲಿಸಿಂಗ್ ಅಲ್ಲಿಂದ ಊರಿನವರ ಮದುವೆಗಳಲ್ಲೆಲ್ಲ ವಧುವಿಗಿಂತ ಮುಂಚೆ ಇಗರ್ಜಿಗೆ ಹೋಗತೊಡಗಿದಳು.

ಟೇಪು ಕಾಪಾಡುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. "ಒಣಮೀನಿನ ವೈರಿ ಯಾರು? ತೇವ, ಉಪ್ಪುಗಾಳಿ, ಇರುವೆ. ಟೇಪಿಗೂ ಅವರೇ ಕಣ್ರೀ. ಪರಿಚಯದವರೇ" ಎನ್ನುತ್ತಿದ್ದಳು. ಒಂದೇ ಕಂಪನಿಯ ಟೇಪು ಬಿಟ್ಟು ಇನ್ನೊಂದು ಕಂಪನಿಯದನ್ನು ಕ್ಯಾಮೆರಾದೊಳಗೆ ಬಿಡುತ್ತಿರಲಿಲ್ಲ. ಒಂದೊಂದರ ಮೇಲಿನ ಎಣ್ಣೆಯ ಲೇಪ ಒಂದೊಂದು ಬಗೆ, ಎರಡೂ ಸೇರಿದರೆ ಒಳಗೆ ಜಿಡ್ಡುಗಟ್ಟಿ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಬಳಸುವ ಮುಂಚೆ ಕೊನೆಯವರೆಗೂ ಓಡಿಸಿ, ಮತ್ತೆ ಮೊದಲಿಗೆ ಸುತ್ತಿ, ಸುರುಳಿಯನ್ನು ಸಮ ಮಾಡುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿ ಎತ್ತಿಡುತ್ತಿರಲಿಲ್ಲ. ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಹಳೆಯ ಟೇಪನ್ನು ಮತ್ತೆ ಬಳಸುವ ಮುಂಚೆ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ, ಪೂರ್ತಿ ಒಂದು ಗಂಟೆ ಬರೀ ಕತ್ತಲೆಯನ್ನು ಅದರ ಮೇಲೆ ಚಿತ್ರೀಕರಿಸುತ್ತಿದ್ದಳು. ಇದನ್ನು ಅವಳು ತೊಳೆಯುವುದು ಎನ್ನುತ್ತಿದ್ದಳು. ತೊಳೆಯದ ಟೇಪಿನಲ್ಲಿ ಹೊಸ ಚಿತ್ರ ಮುಗಿದ ಕೂಡಲೇ ಹಳೆಯದು ತಲೆ ಎತ್ತುತ್ತದೆ. ತೊಳೆದದ್ದರಲ್ಲಿ ಕತ್ತಲೆ ಬರುತ್ತದೆ. ಐದು ಸಲ ಬಳಸಿದ ಮೇಲೆ ಅದಕ್ಕೆ ನಿವೃತ್ತಿ.

ಇಷ್ಟೆಲ್ಲ ನಿಯಮಗಳ ಮೇಲೆ ಇನ್ನೊಂದು ದೊಡ್ಡ ನಿಯಮವಿತ್ತು. ಸೂತಕದ ಟೇಪು ಸೂತಕಕ್ಕೆ, ಶುಭದ್ದು ಶುಭಕ್ಕೆ. ನಮ್ಮ ಕಡೆ ಸಾವಿನ ಮನೆಯಿಂದ ಯಾರೂ ನೇರ ಮನೆಗೆ ಹೋಗುವುದಿಲ್ಲ. ದಾರಿಯಲ್ಲಿ ಎಲ್ಲಾದರೂ ನಿಂತು, ಕೂತು, ಏನಾದರೂ ತಿಂದು, ಬೆನ್ನು ಹತ್ತಿದ ಸತ್ತವನನ್ನು ಅಲ್ಲಿಯೇ ಕೊಡವಿ ಬರಬೇಕು. ಮನುಷ್ಯರಿಗೆ ಇಷ್ಟು ಮಾಡುವಾಗ ಟೇಪಿಗೆ ಮಾಡದಿದ್ದರೆ ಹೇಗೆ? ಸತ್ತವನ ಮುಖ ಹೊತ್ತು ಬರುವುದೇ ಅದಲ್ಲವೇ? ಆದ್ದರಿಂದ ಸಾವಿನ ಮನೆಯ ಟೇಪನ್ನು ಗ್ಲಿಸಿಂಗ್ ತೆಬಾನನ ಬೇಕರಿಯಲ್ಲಿ ವಾರದ ಮಟ್ಟಿಗೆ ಬಿಟ್ಟು ಹೋಗುತ್ತಿದ್ದಳು. ಅಲ್ಲಿಯವರೆಗೆ ಅದರ ಮೇಲೆ ಹೆಸರು ಬರೆಯುತ್ತಿರಲಿಲ್ಲ, ಚಿತ್ರ ಅಳಿಸದಂತೆ ಕಾಯುವ ಬೆನ್ನಿನ ಪುಟ್ಟ ಚಿಲಕವನ್ನೂ ಸರಿಸುತ್ತಿರಲಿಲ್ಲ. ಹೆಸರು ಬರೆದರೆ ಕರೆದಂತೆ.

ಬೇಕರಿಗೆ ಇನ್ನೊಂದು ಉಪಯೋಗವೂ ಇತ್ತು. ಮಳೆಗಾಲದಲ್ಲಿ ಬಾಯ್‌ಬಾಯ್‌ನಲ್ಲಿ ಗೋಡೆಯೂ ಬೆವರುತ್ತದೆ. ಒಲೆಯ ಹಿಂದಿನ ಗೋಡೆಯ ಹಲಗೆ ಮಾತ್ರ ಬೆಚ್ಚಗೆ, ಒಣಗಿಕೊಂಡು ಇರುತ್ತಿತ್ತು. ತೊಳೆದ ಟೇಪುಗಳನ್ನು ಅವಳು ಅಲ್ಲಿಯೇ ಇಡುತ್ತಿದ್ದಳು. ಬಲತುದಿಗೆ ಶುಭದ್ದು, ಎಡತುದಿಗೆ ಸೂತಕದ್ದು.

"ನನ್ನ ಅಂಗಡಿ ಬೇಕರಿಯೋ, ಸ್ಮಶಾನವೋ, ಛತ್ರವೋ ಮಾರಾಯ್ತಿ?" ಎಂದು ತೆಬಾನ್ ಗೊಣಗುತ್ತಿದ್ದ.

"ಮೂರೂ ಆದ್ರೆ ವ್ಯಾಪಾರ ಜಾಸ್ತಿ. ಒಂದು ಬಿಸಿ ಬನ್ನು ಕೊಡು."

ಆ ವರ್ಷದ ಜುಲೈನಲ್ಲಿ ಕ್ರಿಸ್ಪುಲೊ ತೀರಿಕೊಂಡ. ಒಳ್ಳೆಯ ಬಡಗಿ, ಊರಿನ ಅರ್ಧ ಬಾಗಿಲುಗಳು ಅವನ ಕೈಯವು. ಹೆಂಡತಿ ಪಾಸ್ತೋರಾ ಮನೆಯಲ್ಲಿದ್ದಳು. ಒಬ್ಬಳೇ ಮಗಳು ಮೆರ್ಲಿ ಹಾಂಗ್‌ಕಾಂಗಿನಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೆ ರಜೆ ಸಿಗಲಿಲ್ಲ. ಗ್ಲಿಸಿಂಗಳಿಗೆ ಫೋನು ಮಾಡಿ, ನಮ್ಮಲ್ಲಿ ಅಕ್ಕನನ್ನು ಕರೆಯುವ ಹಾಗೆ, "ಮನಾಂಗ್, ಮಣ್ಣಿನ ದಿನದ್ದು ಎಲ್ಲಾ ತೆಗೀರಿ. ಯಾರು ಅತ್ರು, ಯಾರು ಬಂದ್ರು, ಏನು ಅಡುಗೆ, ಎಲ್ಲಾ. ನಾನು ನಿಮ್ಮ ಕಣ್ಣಲ್ಲೇ ನೋಡೋದು" ಎಂದಳು. ಆಮೇಲೆ ಫೋನು ಇಟ್ಟುಬಿಟ್ಟಳು. ಗ್ಲಿಸಿಂಗ್ ಆ ಬುಧವಾರ ಬೆಳಿಗ್ಗೆ ಒಂದು ಟೇಪು ತುಂಬ ತೆಗೆದಳು. ಸಮಾಧಿಯಿಂದ ಬೇಕರಿಗೆ ಬಂದು, ಬನ್ನು ತಿಂದು, ಟೇಪನ್ನು ಎಡತುದಿಯಲ್ಲಿ ಇಟ್ಟು ಹೋದಳು.

ಕ್ರಿಸ್ಪುಲೊನಿಗೆ ಒಬ್ಬಳು ತಂಗಿ ಇದ್ದಳು, ಪುರೆಸಾ. ಊರಿನ ಕಿರಿಯರಿಗೆಲ್ಲ ತಿಯಾ, ಅಂದರೆ ಅತ್ತೆ. ಎರಡು ಬೀದಿ ಆಚೆಗೇ ಮನೆ. ತಾಯಿ ಸತ್ತಾಗ ಆಕೆಯ ಹೊಲಿಗೆ ಯಂತ್ರವನ್ನು ಕ್ರಿಸ್ಪುಲೊ ಎತ್ತಿಕೊಂಡು ಹೋಗಿ ಹೆಂಡತಿಗೆ ಕೊಟ್ಟನೆಂದು ಅಣ್ಣ ತಂಗಿಗೆ ಮಾತು ಬಿಟ್ಟುಹೋಗಿತ್ತು. ಕೇಳಿದವರು ನಗಬೇಕು, ಒಂದು ಹೊಲಿಗೆ ಯಂತ್ರಕ್ಕೆ. ಆದರೆ ಜಗಳ ಯಾವತ್ತೂ ಯಂತ್ರಕ್ಕಲ್ಲ, ನನ್ನನ್ನು ಕೇಳಲಿಲ್ಲವಲ್ಲ ಎಂಬುದಕ್ಕೆ. ಅಣ್ಣನ ಹೆಣದ ಬಳಿಯ ಜಾಗರಣೆಗೂ ಪುರೆಸಾ ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅದೇ ಶನಿವಾರ ಅವಳ ಮಗ ರೊನೀಲನ ಮದುವೆ ನಿಶ್ಚಯವಾಗಿತ್ತು. ಒಡಹುಟ್ಟಿದವನು ಸತ್ತ ವರ್ಷ ಮನೆಯಲ್ಲಿ ಮದುವೆ ಮಾಡಿದರೆ ಹೊಸ ಜೋಡಿಗೆ ಆಗಿಬರುವುದಿಲ್ಲ ಎಂಬುದು ನಮ್ಮಲ್ಲಿ ಹಸುಳೆಗೂ ಗೊತ್ತು. ಆದರೆ ಹುಡುಗ ಮುಂದಿನ ವಾರ ಹಡಗು ಹತ್ತಬೇಕು.

"ತಿಯಾ, ಅಣ್ಣನ ಮಣ್ಣು ಇನ್ನೂ ಆರಿಲ್ಲ" ಎಂದು ಗ್ಲಿಸಿಂಗ್ ಮೆಲ್ಲಗೆ ಹೇಳಿ ನೋಡಿದಳು.

"ಯಾರ ಅಣ್ಣ?" ಎಂದಳು ಪುರೆಸಾ. "ನನಗೆ ಅಣ್ಣ ಇಲ್ಲ. ಇಲ್ದೇ ಇರೋನು ಹೇಗೆ ಸಾಯ್ತಾನೆ? ನೀನು ಕ್ಯಾಮೆರಾ ತಗೊಂಡು ಬಾ, ನಾಲಿಗೆ ಮನೇಲಿಟ್ಟು ಬಾ."

ಮದುವೆಯ ಸಿಹಿಬ್ರೆಡ್ಡಿಗೆ ಪುರೆಸಾಳೇ ತೆಬಾನನ ಬೇಕರಿಗೆ ಹೇಳಿದ್ದಳು. ಶುಕ್ರವಾರ ಹಿಟ್ಟು ಉಬ್ಬಲು ಇಡುವ ತಟ್ಟೆಗಳಿಗೆ ಜಾಗ ಸಾಲದೆ ತೆಬಾನ್ ಹಲಗೆಯ ಮೇಲಿದ್ದ ಟೇಪುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ಸಂಜೆ ಮತ್ತೆ ಜೋಡಿಸಿದ. ಎಲ್ಲಕ್ಕೂ ಒಂದೇ ಅಂಗಿ, ಒಂದೇ ಬಣ್ಣ. ಮರುದಿನ ಬೆಳಿಗ್ಗೆ ಗ್ಲಿಸಿಂಗ್ ಅವಸರದಲ್ಲಿ ಬಂದು ಬಲತುದಿಯಿಂದ ಮೂರನ್ನು ಎತ್ತಿಕೊಂಡಳು. ನಿಯಮದಂತೆ ಪ್ರತಿಯೊಂದನ್ನೂ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದಳು. ಒಳಗೇನಿದೆ ಎಂದು ನೋಡಲಿಲ್ಲ. ನೋಡಬೇಕೆಂಬ ನಿಯಮ ಅವಳಲ್ಲಿ ಇರಲೇ ಇಲ್ಲ, ಯಾಕೆಂದರೆ ಅವಳ ನಿಯಮಗಳು ಒಂದು ಸಲವೂ ತಪ್ಪಿರಲಿಲ್ಲ.

ಮದುವೆ ಸೊಗಸಾಯಿತು. ವಧು ಜೊವೆಲಿನ್ ನಕ್ಕಳು, ರೊನೀಲ್ ಬೆವರಿದ, ಪಾದ್ರಿಗಳು ಉಪದೇಶ ಉದ್ದ ಮಾಡಿದರು, ಎಲ್ಲ ಇರಬೇಕಾದಂತೆ. ಮೂರನೆಯ ಟೇಪಿನಲ್ಲಿ ಕುಣಿತ. ಟೇಪು ತುಂಬುವ ಮುಂಚೆಯೇ ಮಳೆ ಬಂದು ಕುಣಿಯುವವರು ಚಾವಣಿಯ ಕೆಳಗೆ ಓಡಿದ್ದರಿಂದ ಗ್ಲಿಸಿಂಗ್ ಕ್ಯಾಮೆರಾ ಮುಚ್ಚಿದಳು. ಮರುದಿನ ಕ್ಯಾಮೆರಾಕ್ಕೆ ಡಿಸ್ಕ್ ಮಾಡುವ ಪೆಟ್ಟಿಗೆಯನ್ನು ಜೋಡಿಸಿ, ಟೇಪು ಓಡಲು ಬಿಟ್ಟು ಊಟಕ್ಕೆ ಕೂತಳು. ಯಾವಾಗಲೂ ಹಾಗೆಯೇ. ಕೊನೆಗೆ ಬರುವುದು ಕತ್ತಲೆ ತಾನೇ, ಎರಡು ತುತ್ತು ಹೆಚ್ಚು ತಿಂದರೆ ಏನು ಹೋಯಿತು?

ಸೋಮವಾರ ಪುರೆಸಾಳ ಮನೆಯಲ್ಲಿ ಡಿಸ್ಕ್ ಹಾಕಿದರು. ಅಕ್ಕಪಕ್ಕದವರೆಲ್ಲ ಬಂದಿದ್ದರು. ಗ್ಲಿಸಿಂಗಳ ಕೈಗೂ ಒಂದು ತಟ್ಟೆ ಶಾವಿಗೆ ಬಂತು. ಕುಣಿತದಲ್ಲಿ ಪುರೆಸಾ ಬೀಗರ ಜೊತೆ ಎಡಗಾಲು ಬಲಗಾಲು ತಪ್ಪಿಸಿದ್ದನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪುರೆಸಾಳೂ ನಕ್ಕಳು. ಅಷ್ಟರಲ್ಲಿ ಪರದೆಯ ಮೇಲೆ ಮಳೆ ಹನಿಯಿತು, ಚಿತ್ರ ಚೌಕ ಚೌಕವಾಗಿ ಒಡೆಯಿತು, ಮತ್ತೆ ಕೂಡಿಕೊಂಡಿತು. ಕೂಡಿಕೊಂಡಾಗ ಅಲ್ಲಿ ಶವಪೆಟ್ಟಿಗೆ ಇತ್ತು. ಗಾಜಿನ ಕೆಳಗೆ ಬಿಳಿ ಅಂಗಿ ತೊಟ್ಟ ಕ್ರಿಸ್ಪುಲೊ.

ಪರದೆಯಲ್ಲಿ ಮನೆಯವರೆಲ್ಲ ಪೆಟ್ಟಿಗೆಯ ಸುತ್ತ ಕೊನೆಯ ಚಿತ್ರಕ್ಕೆ ಒತ್ತಿಕೊಂಡು ನಿಲ್ಲುತ್ತಿದ್ದರು. ಪಾಸ್ತೋರಾಳ ಧ್ವನಿ ಸ್ಪಷ್ಟವಾಗಿ ಕೇಳಿತು: "ತಲೆ ಹತ್ರ ಒಬ್ಬರಿಗೆ ಜಾಗ ಬಿಡಿ. ಪುರೆಸಾ ಬರ್ತಾಳೆ."

ಪುರೆಸಾ ಎದ್ದು ಟೀವಿಯ ತಂತಿಯನ್ನು ಗೋಡೆಯಿಂದ ಕಿತ್ತಳು.

"ಅವಳು ಹೇಳಿಕೊಟ್ಲಾ ನಿನಗೆ? ನನ್ನ ಮಗನ ಮದುವೇಲಿ ಹೆಣ ತಂದಿಡು ಅಂತ ಹೇಳಿಕೊಟ್ಲಾ?"

"ತಿಯಾ, ಆಣೆ ಮಾಡ್ತೀನಿ, ಕೈ ತಪ್ಪಿ..."

"ಕೈ ತಪ್ಪಿದ್ರೆ ತಟ್ಟೆ ಬೀಳತ್ತೆ ಕಣೇ, ಹೆಣ ಬೀಳಲ್ಲ. ನಾಳಿದ್ದು ನನ್ನ ಮಗ ಸಮುದ್ರಕ್ಕೆ ಹೋಗ್ತಾನೆ. ನಡಿ ಆಚೆ. ಈ ಊರಲ್ಲಿ ಇನ್ನು ಯಾರ ಮದುವೇಗೆ ಕಾಲಿಡ್ತೀಯೋ ನಾನೂ ನೋಡ್ತೀನಿ."

ಗ್ಲಿಸಿಂಗ್ ನೇರ ಬೇಕರಿಗೆ ಹೋದಳು. ಹಲಗೆಯ ಎಡತುದಿಯ ಟೇಪನ್ನು ಕ್ಯಾಮೆರಾಕ್ಕೆ ಹಾಕಿ ನೋಡಿದಳು. ಮೊದಲಿನಿಂದ ಕೊನೆಯವರೆಗೆ ಒಳ್ಳೆಯ, ಶುದ್ಧ ಕತ್ತಲೆ. ತೆಬಾನ್ ಬುಟ್ಟಿಯ ವಿಷಯ ಹೇಳಿ ತಲೆಯ ಮೇಲೆ ಕೈ ಹೊತ್ತು ಕೂತ. "ನಿನ್ನ ತಪ್ಪಲ್ಲ ಬಿಡು. ನೀನು ಬ್ರೆಡ್ಡಿನವನು. ಟೇಪು ನಂದು, ಕಣ್ಣು ನಂದು" ಎಂದಳು ಗ್ಲಿಸಿಂಗ್. ಆಗ ಅವಳಿಗೆ ಅಸಲು ಸಂಗತಿ ಹೊಳೆಯಿತು. ಮದುವೆಯಲ್ಲಿ ಹೆಣ ಬಂದದ್ದು ಸಣ್ಣ ಅನಾಹುತ. ಹೆಣದ ಮೇಲೆ ಮದುವೆ ಆದದ್ದು ದೊಡ್ಡದು. ಅಡುಗೆಮನೆ, ಅತ್ತವರು, ಬಂದವರು, ಪೆಟ್ಟಿಗೆ ಹೊತ್ತ ಗೆಳೆಯರು, ಎಲ್ಲದರ ಮೇಲೂ ಪುರೆಸಾ ಬೀಗರೊಂದಿಗೆ ಕುಣಿದಿದ್ದಳು. ಹಾಂಗ್‌ಕಾಂಗಿನಲ್ಲಿ ಮೆರ್ಲಿ ಕಾಯುತ್ತಿದ್ದಾಳೆ. ಮದುವೆಯನ್ನು ಇನ್ನೊಮ್ಮೆ ಕುಣಿಯಬಹುದು. ಮಣ್ಣಿಗೆ ಇಟ್ಟವನನ್ನು ಇನ್ನೊಮ್ಮೆ ಇಡಲು ಬರುವುದಿಲ್ಲ.

ಅಳಿಸಿದ್ದನ್ನು ಹೇಳದೆ ಉಳಿಯಬಹುದಿತ್ತು. ತೇವ ಹತ್ತಿತು, ಟೇಪು ಕೆಟ್ಟಿತು ಎಂದರೆ ಮಳೆಗಾಲದಲ್ಲಿ ಯಾರು ನಂಬುವುದಿಲ್ಲ? ಆದರೆ ಹಾಗೆ ಹೇಳಿದರೆ ಟೇಪಿನ ಮೇಲೆ ಸುಳ್ಳು ಅಪವಾದ. ಅದನ್ನು ಅವಳು ಹೇಗೆ ತಾಳಿಯಾಳು? ಮದುವೆಯ ಮೂರನೆಯ ಟೇಪು ಹಾಕಿದ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಪಾಸ್ತೋರಾಳ ಮನೆಗೆ ಹೋಗಿ, ಹೊಸಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು.

ಪಾಸ್ತೋರಾ ಬೀನ್ಸ್ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು. "ಎಷ್ಟು ಉಳಿದಿದೆ?"

"ಕೊನೇದು ಸ್ವಲ್ಪ. ಫೋಟೋಕ್ಕೆ ನಿಂತಿದ್ದು."

"ಅವರ ಮುಖ ಇದೆಯಾ?"

"ಇದೆ ಮನಾಂಗ್."

"ಹಾಗಾದ್ರೆ ಅಳೋದು ನಿಲ್ಸು. ಈ ಮನೇಲಿ ಅಳೋ ಸರದಿ ನಂದು, ನಿಂದಲ್ಲ. ತೋರ್ಸು."

ಕ್ಯಾಮೆರಾದ ಅಂಗೈಯಗಲದ ಪರದೆಯ ಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ನೋಡಿದರು. ಪಾಸ್ತೋರಾ ಉಳಿದ ಭಾಗವನ್ನು ಎರಡು ಸಲ ನೋಡಿದಳು. ಆಮೇಲೆ, "ಮುಂಚಿಂದ ಹಾಕು. ಮದುವೆ ನೋಡೋಣ" ಎಂದಳು. ಬೆರಗಾದ ಗ್ಲಿಸಿಂಗ್ ಹಾಕಿದಳು. ನಾದಿನಿ ಕಾಲು ತಪ್ಪಿಸಿದಾಗ ಪಾಸ್ತೋರಾಳ ಬಾಯಿ ಅರಳಿತು. "ಸೊಕ್ಕು ನೋಡು, ಬಿದ್ರೂ ಗಲ್ಲ ಮೇಲೇನೇ. ಅವರ ವಂಶವೇ ಹಾಗೆ. ಇವರೂ ಹಾಗೇ ಕುಣೀತಿದ್ರು." ಸೆರಗಿನಂತೆ ಹೆಗಲ ಮೇಲಿದ್ದ ಟವೆಲಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಹೀಗೇ ಮೆರ್ಲಿಗೆ ಕಳಿಸು. ಏನೂ ಕತ್ತರಿಸ್ಬೇಡ. ರೊನೀಲ್‌ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದವಳು ಅವಳು. ಮೊದಲು ನಗ್ಲಿ, ಆಮೇಲೆ ಅಳ್ಲಿ."

ಕಳಿಸಿದರು. ಮೆರ್ಲಿಯಿಂದ ಮೂರು ವಾರವಾದರೂ ಸದ್ದಿಲ್ಲ. ಇತ್ತ ಪುರೆಸಾಳ ಮಾತು ಊರಲ್ಲಿ ಬೇಗ ಬೇರು ಬಿಟ್ಟಿತು. ಆಗಸ್ಟಿನಲ್ಲಿ ನಿಶ್ಚಯವಾಗಿದ್ದ ಎರಡು ಮದುವೆಯವರು ಪಟ್ಟಣದ ಕ್ಯಾಮೆರಾದವನನ್ನು ಕರೆಸಿದರು. ಊರಲ್ಲಿ ಹೊಸದಾಗಿ ಹುಟ್ಟಿದ ಮಗುವಿನ ಜ್ಞಾನಸ್ನಾನಕ್ಕೂ ಗ್ಲಿಸಿಂಗಳನ್ನು ಕರೆಯಲಿಲ್ಲ. ರೊನೀಲ್ ಹಡಗು ಹತ್ತಿ, ಸಿಂಗಪುರದಿಂದ ಚೆನ್ನಾಗಿದ್ದೇನೆಂದು ಫೋನು ಮಾಡಿದರೂ ಯಾರ ನಾಲಿಗೆಯೂ ಸುಮ್ಮನಾಗಲಿಲ್ಲ. ಗ್ಲಿಸಿಂಗ್ ಡಬ್ಬಿಯ ಟೇಪುಗಳನ್ನು ಕೆಲಸವಿಲ್ಲದಿದ್ದರೂ ಓಡಿಸಿ, ಸುತ್ತಿ, ಒರೆಸಿ ಇಡುತ್ತಿದ್ದಳು. ಅಮ್ಮನ ಬಿದಿರಿನ ತಟ್ಟಿಗಳನ್ನು ಅಟ್ಟದಿಂದ ಇಳಿಸಿ ತೊಳೆದಳು. ಮೀನು ಯಾರನ್ನೂ ಶಕುನ ಕೇಳುವುದಿಲ್ಲ ಎಂದು ತೆಬಾನನೊಡನೆ ನಗೆಯಾಡಿದಳಾದರೂ, ತಟ್ಟಿಯ ಮೇಲೆ ಒಂದು ಮೀನನ್ನೂ ಹರವಲಿಲ್ಲ. ಅವಳಿಗೆ ಕ್ಯಾಮೆರಾದ ಕೆಲಸ ಅಷ್ಟು ಇಷ್ಟ.

ಕ್ರಿಸ್ಪುಲೊನ ನಲವತ್ತನೆಯ ದಿನ ಹತ್ತಿರ ಬಂತು. ಸತ್ತವನ ಆತ್ಮ ಮನೆಬಿಟ್ಟು ಹೊರಡುವ ದಿನ. ಜಪ, ಊಟ, ಎಲ್ಲ ಇರುತ್ತದೆ. ಪಾಸ್ತೋರಾಳೇ ಬಂದು ಕರೆದಳು. "ಮೆರ್ಲಿಗೆ ಮಣ್ಣು ನೋಡೋಕೆ ಆಗ್ಲಿಲ್ಲ. ಇದನ್ನಾದ್ರೂ ತೆಗಿ."

"ನಾನಾ ಮನಾಂಗ್? ಊರು ಏನನ್ನತ್ತೆ?"

"ಊರಿಗೆ ಊಟ ಹಾಕ್ತೀನಿ. ಬಾಯಿ ತುಂಬಿದ್ರೆ ಏನೂ ಅನ್ನಲ್ಲ."

ಗ್ಲಿಸಿಂಗ್ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ, ಹೊದಿಕೆ ಬಿಚ್ಚದ ಎರಡು ಟೇಪು ತಂದಳು. ಬಾಯ್‌ಬಾಯ್‌ನಲ್ಲಿ ಇದೇ ಒಂದು ಸುದ್ದಿಯಾಯಿತು.

ಆ ದಿನ ಮಧ್ಯಾಹ್ನ ಜಪ ಮುಗಿದು ಎಲೆ ಹಾಸಿದ ಮೇಜಿನ ಸುತ್ತ ಜನ ಕೂತಿದ್ದರು. ಗ್ಲಿಸಿಂಗ್ ಒಬ್ಬೊಬ್ಬರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ ಮೆರ್ಲಿಗೆ ಎರಡು ಮಾತು ಹೇಳಿಸುತ್ತಿದ್ದಳು. ಕ್ರಿಸ್ಪುಲೊ ಮಾಡಿದ ಬಾಗಿಲುಗಳನ್ನು ಹೊಗಳುವವರ ಸಾಲು ಉದ್ದವಿತ್ತು. ಆಗ ಗೇಟಿನ ಬಳಿ ಗುಸುಗುಸು ಎದ್ದಿತು. ಕಪ್ಪು ಉಡುಪು ತೊಟ್ಟು, ಎರಡೂ ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ಪುರೆಸಾ ಒಳಗೆ ಬಂದಳು. ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಪಾಸ್ತೋರಾಳ ಮುಖ ನೋಡಲಿಲ್ಲ. ಸೀದಾ ಕ್ಯಾಮೆರಾದ ಮುಂದೆ ಬಂದು ನಿಂತಳು.

"ಓಡ್ತಾ ಇದೆಯಾ?"

"ಓಡ್ತಿದೆ ತಿಯಾ" ಎಂದಳು ಗ್ಲಿಸಿಂಗ್.

"ಮೆರ್ಲಿ, ನಾನು ಪುರೆಸಾ. ನೀನು ಕಳಿಸಿದ ಕಾಗದ ಬಂತು. ಮದುವೇಲಿ ನಾನು ಕುಣಿದದ್ದು ನೋಡಿ ನಕ್ಕೆ ಅಂತ ಬರ್ದಿದ್ದೀಯ. ಅಪ್ಪ ಸತ್ತಮೇಲೆ ಅದೇ ಮೊದಲ ಸಲ ನಕ್ಕಿದ್ದು ಅಂತ. ನಗು, ಪರವಾಗಿಲ್ಲ. ಆವತ್ತು ಮಣ್ಣಿಗೆ ನಾನು ಬರ್ಲಿಲ್ಲ. ಬ್ಯಾಂಡಿನವರು ನನ್ನ ಮನೆ ಮುಂದೇನೇ ಹೋದ್ರು. ಕಿಟಕಿ ಹಾಕ್ಕೊಂಡು ಅಕ್ಕಿ ಆರಿಸ್ತಾ ಕೂತಿದ್ದೆ. ಆ ಅಕ್ಕೀಲಿ ಕಲ್ಲೇ ಇರ್ಲಿಲ್ಲ."

ಪುರೆಸಾ ಕ್ಯಾಮೆರಾಕ್ಕೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಆ ಡಿಸ್ಕ್ ಎಸೀಬೇಕು ಅಂತ್ಲೇ ಇದ್ದೆ. ಎಲ್ಲರೂ ಹೋದ್ಮೇಲೆ ಮತ್ತೆ ಹಾಕಿದೆ. ದಿನಾ ಹಾಕ್ತೀನಿ. ನಿಮ್ಮಮ್ಮ ನನಗೆ ಜಾಗ ಬಿಟ್ಟಿದ್ಲು. ಪಕ್ಕದ್ಮನೆ ಆ ದಪ್ಪ ಬಸಿಲಿಯೊ ಬಂದು ನುಸುಳ್ತಾನೆ, ಮೊಣಕೈಲಿ ತಳ್ತಾಳೆ. ಮಗು ಬರತ್ತೆ, ಎತ್ತಿ ಆಚೆ ಇಡ್ತಾಳೆ. ಗಾಜಿನ ಮೇಲೆ ತನ್ನ ಕೈ ಚಾಚಿ ನನ್ನ ಜಾಗಾನ ಹಿಡ್ಕೊಂಡು ನಿಂತಿದ್ದಾಳೆ. ಕೊನೇವರೆಗೂ ಅಲ್ಲಿ ಯಾರೂ ಕಾಲಿಡ್ಲಿಲ್ಲ. ನನಗೆ ಅಣ್ಣ ಇದ್ದ ಮೆರ್ಲಿ. ಇಲ್ಲ ಅಂತ ಊರಿಗೆಲ್ಲ ಹೇಳಿದ್ದೆ. ಇದ್ದ. ಚಿಕ್ಕವನಿದ್ದಾಗ ನನ್ನನ್ನ ಗೋಣಿಚೀಲದಲ್ಲಿ ಕೂರಿಸಿ ದಡದ ಮೇಲೆಲ್ಲ ಎಳೀತಿದ್ದ..."

ಕ್ಯಾಮೆರಾದೊಳಗಿಂದ ಪುಟ್ಟ ಎಚ್ಚರಿಕೆಯ ಸದ್ದು ಬಂತು.

"ತಿಯಾ" ಎಂದಳು ಗ್ಲಿಸಿಂಗ್ ಅಳುಕುತ್ತ, "ಟೇಪು ಮುಗೀತಾ ಬಂತು."

"ಮುಗಿದ್ರೆ ಇನ್ನೊಂದು ಹಾಕು. ಮದುವೆಯವರೆಲ್ಲ ನಿನ್ನ ಹತ್ರಾನೇ ಬರೋ ಹಾಗೆ ನಾನು ಮಾಡ್ತೀನಿ, ಟೇಪಿಗೆ ಬರ ಇಲ್ಲ. ನಾನಿನ್ನೂ ಹೊಲಿಗೆ ಯಂತ್ರಕ್ಕೇ ಬಂದಿಲ್ಲ."

ಪಾಸ್ತೋರಾ ಒಳಗಿನಿಂದ ಒಂದು ಕುರ್ಚಿ ತಂದು ನಾದಿನಿಯ ಹಿಂದೆ ಇಟ್ಟಳು. ಪುರೆಸಾ ತಿರುಗಿ ನೋಡದೆ ಅದರ ಮೇಲೆ ಕೂತಳು. ಗ್ಲಿಸಿಂಗ್ ಹೊಸ ಟೇಪಿನ ಹೊದಿಕೆಯನ್ನು ಹಲ್ಲಿನಿಂದಲೇ ಹರಿದಳು.